ಆಯ ಕೂಡದ ಹನ್ನೊಂದು ಹಲಗೆಗಳು

ನಾನು ಅಳತೆ ಹೇಳಿ ಮಾಡಿಸಿದ ಒಂದು ಕೆಲಸವಾದರೂ ಅಳತೆಗೆ ಸರಿಯಾಗಿ ಕೈಗೆ ಬಂದ ಉದಾಹರಣೆ ನನ್ನ ಸಂಸಾರದಲ್ಲಿ ಇಲ್ಲ. ಕಿಟಕಿಯ ಪಡದೆಯಿಂದ ಹಿಡಿದು ಹಿತ್ತಿಲ ಬಾಗಿಲವರೆಗೆ ಕಾಲಿಂಚು, ಅರ್ಧ ಇಂಚಿನ ಜಗಳ ನಡೆದೇ ಇರುತ್ತದೆ. ಜನರಿಗೆ ಶಿಸ್ತಿಲ್ಲ, ಅದಕ್ಕೇ ಹೀಗೆ ಎಂದು ಮೂವತ್ತು ವರ್ಷ ನಂಬಿದ್ದೆ. ಈ ವರ್ಷ ಹನ್ನೊಂದು ಸಣ್ಣ ಹಲಗೆ ಕೊಯ್ಯಿಸಲು ಹೋದಾಗ ಕಾರಣ ಬೇರೆಯೇ ಇದೆ ಎಂದು ಗೊತ್ತಾಯಿತು.

ಮಾತು ಕೊಟ್ಟದ್ದು

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದ ಹನ್ನೊಂದು ಗೆಳತಿಯರೂ ನಾನೂ ಈಗ ಫೋನಿನ ಒಂದು ಗುಂಪಿನಲ್ಲಿದ್ದೇವೆ. ಎಲ್ಲರೂ ಒಮ್ಮೆ ಸೇರೋಣ ಎಂದು ನಿಶ್ಚಯವಾಯಿತು. ಅವರಲ್ಲೊಬ್ಬಳು, ಶಾಲೆಯಲ್ಲಿ ಎಲ್ಲದರಲ್ಲೂ ನನಗೆ ಪೈಪೋಟಿ ಕೊಟ್ಟವಳು, ಹೀಗೆ ಬರೆದಳು: "ಕಸೂತಿಯಲ್ಲಿ ನಿನ್ನನ್ನು ಮೀರಿಸುವವರೇ ಇರಲಿಲ್ಲ. ಹಳ್ಳಿ ಸೇರಿದ ಮೇಲೆ ಎಲ್ಲ ಮರೆತಿರಬೇಕು, ಪಾಪ."

ಆ 'ಪಾಪ' ನನಗೆ ಸೇರಲಿಲ್ಲ. ಕೂಡಲೇ ಉತ್ತರ ಬರೆದೆ: "ಹನ್ನೊಂದು ಮಂದಿಗೂ ಒಂದೊಂದು ಮರದ ಹಲಗೆಯ ಮೇಲೆ ಕಸೂತಿಯ ಚಿತ್ತಾರವನ್ನು ಬಣ್ಣದಲ್ಲಿ ಬರೆದು ತರುತ್ತೇನೆ. ಒಂದರಂತೆ ಇನ್ನೊಂದು ಇರುವುದಿಲ್ಲ."

ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಅಂದಾಜು ನಡೆಯುವುದಿಲ್ಲ. ಇಂಚಿಗೆ ಹತ್ತು ಮನೆ ಇರುವ ಗ್ರಾಫ್ ಹಾಳೆ ತರಿಸಿ, ಉದ್ದಕ್ಕೆ ಎಂಬತ್ತು ಮನೆ, ಅಗಲಕ್ಕೆ ಅರವತ್ತು ಮನೆ ಎಣಿಸಿ ಆನೆ, ನವಿಲು, ಗೋಪುರ, ತುಳಸಿಕಟ್ಟೆ ಎಲ್ಲ ಬರೆದಿಟ್ಟೆ. ಹಲಗೆ ಎಂಟಿಂಚಿಗೆ ಆರಿಂಚು ಇದ್ದರೆ ಹಾಳೆ ಅದರ ಮೇಲೆ ಸರಿಯಾಗಿ ಕೂಡುತ್ತದೆ.

ನಮ್ಮ ಯಜಮಾನರು ಎಲ್ಲ ಹಾಳೆಗಳನ್ನೂ ನೋಡಿ ಒಂದೇ ಮಾತು ಕೇಳಿದರು: "ಎಲ್ಲಾ ಛಲೋ ಆತು. ಹಲಗಿ ಎಲ್ಲಿ ಅದಾವು?"

ಹತ್ತು ಬೆರಳು

ಯಂತ್ರ ತಪ್ಪು ಮಾಡುವುದಿಲ್ಲ ಎಂದು ನಮ್ಮೂರು ಮಿಶ್ರಿಕೋಟಿಯ ಬಡಿಗೇರರನ್ನು ಬಿಟ್ಟು, ಬಸ್ಸು ಹಿಡಿದು ಅಳ್ನಾವರದ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಹೋದೆ. ಮಾಲೀಕರು ಕುರ್ಚಿ ಕೊಟ್ಟು ಕೇಳಿದರು.

"ಏನ್ ಕೊಯ್ಯಸೂದೈತ್ರಿ ಬಾಯಾರ? ಬಾಗಲಾ, ಕಿಡಕಿ?"

"ಹಲಗೆ. ಎಂಟಕ್ಕೆ ಆರು. ಹನ್ನೊಂದು."

ಅವರು ನನ್ನ ಹಿಂದೆ ಲಾರಿ ನಿಂತಿದೆಯೇ ಎಂದು ಇಣುಕಿದರು. "ಎಂಟು ಫೂಟೇನ್ರಿ?"

"ಇಂಚು."

"ಇಂಚು!" ಅವರು ನೆಲದ ಮೇಲೆ ಬಿದ್ದ ತುಂಡುಗಳ ರಾಶಿ ತೋರಿಸಿದರು. "ಅಷ್ಟು ಸಣ್ಣವನ್ನ ನಾವು ಒಲಿಗೆ ಕೊಡ್ತೀವ್ರಿ."

ನಾನು ಎದ್ದು ನಿಂತು, ಇದು ಒಲೆಗಲ್ಲ, ಕಲೆಗೆ, ಮೂಲೆ ತೊಂಬತ್ತು ಡಿಗ್ರಿಯ ಕಾಟಕೋನದಲ್ಲಿರಬೇಕು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗಬಾರದು ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಬಾಯಾರ, ನಮ್ಮ ಗರಗಸ ದಿಮ್ಮಿ ಕೊಯ್ಯೂದು. ಇಷ್ಟು ಸಣ್ಣದನ್ನ ಹಿಡದು ಕೊಟ್ರ ಹಲಗಿ ಜೋಡಿ ಬೆರಳೂ ಹೋಗತೈತಿ. ನಿಮಗ ಬೇಕಾಗಿದ್ದು ಹನ್ನೊಂದು ಹಲಗಿ. ನಮ್ಮ ಆಳಿನ ಕಡೆ ಇರೂದು ಹತ್ತ ಬೆರಳು."

ಒಂದು ಉದ್ದನೆಯ ಸಾಗವಾನಿ ಹಲಗೆಯನ್ನು ಅರ್ಧ ಇಂಚು ದಪ್ಪಕ್ಕೆ ಸೀಳಿಸಿ, ಬಸ್ಸಿನಲ್ಲಿ ಅಷ್ಟೂ ಮಂದಿಗೆ ತಾಗಿಸುತ್ತ ಊರಿಗೆ ತಂದೆ.

ಕಾಗೆಯ ಲೆಕ್ಕ

ಕೊನೆಗೆ ನಮ್ಮೂರ ಬಡಿಗೇರ ಕಾಕಾನೇ ಗತಿಯಾದರು. ಅವರು ಅಳತೆ ಕೇಳಿ, ಕಣ್ಣು ಮುಚ್ಚಿ, ಬೆರಳು ಮಡಚಿ ಎಣಿಸಿ, ತಲೆ ಅಲ್ಲಾಡಿಸಿದರು.

"ಆಯ ಕೂಡಂಗಿಲ್ರಿ."

ಆಯ ಎಂದರೆ ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಅಂಕಿಯ ಮೇಲೆ ಆ ಅಳತೆ ಶುಭವೋ ಅಶುಭವೋ ಎಂದು ನೋಡುವ ಲೆಕ್ಕ. ಮನೆಗೆ, ಬಾಗಿಲಿಗೆ ನೋಡುತ್ತಾರೆ. ಒಂದೊಂದು ಅಂಕಿಗೆ ಒಂದೊಂದು ಹೆಸರು.

"ಎಂಟಾರಲೆ ನಲವತ್ತೆಂಟು. ಎಂಟರಿಂದ ಭಾಗಿಸಿದ್ರ ಏನೂ ಉಳಿಯಂಗಿಲ್ಲ. ಏನೂ ಉಳೀಲಿಲ್ಲಂದ್ರ ಕಾಗಿ ಆಯ. ಅಗದಿ ಕೆಟ್ಟದ್ದು. ಉದ್ದಕ ಒಂದಿಂಚು, ಅಗಲಕ ಒಂದಿಂಚು ಹೆಚ್ಚ ಬಿಡ್ತೀನಿ, ಒಂಬತ್ತಕ್ಕ ಏಳು ಮಾಡೂಣು."

"ಕಾಕಾ, ಇದು ಮನೆಯಲ್ಲ. ಒಳಗೆ ಯಾರೂ ಇರುವುದಿಲ್ಲ."

"ಏನೂ ಇರಂಗಿಲ್ಲೇನು?"

"ಬರೀ ಚಿತ್ರ. ಆನೆ, ನವಿಲು, ತುಳಸಿಕಟ್ಟೆ."

"ತುಳಸಿಕಟ್ಟಿ ಇದ್ದ ಮ್ಯಾಲ ಅದು ಮನಿನ ಆತಲ್ರಿ!"

ಅರ್ಧ ಗಂಟೆ ವಾದವಾಯಿತು. ನಾನು ಎಂಟಕ್ಕೆ ಆರು ಬಿಟ್ಟು ಅಲುಗಲಿಲ್ಲ. ಅವರು ಗರಗಸ ಕೈಗೆತ್ತಿಕೊಳ್ಳುತ್ತ ಎಚ್ಚರಿಕೆ ಕೊಟ್ಟರು: "ಕೊಯ್ತೀನ್ರಿ. ಆದ್ರ ಕಾಗಿ ಒಂದ ಕಡೆ ಕೂಡಂಗಿಲ್ಲ. ಈ ಹಲಗಿ ನಿಮ್ಮನ್ನ ಮನಿ ಮನಿ ತಿರಗಿಸ್ಲಿಲ್ಲಂದ್ರ ಕೇಳ್ರಿ."

ಬಹುಮಾನದ ಸ್ಕೇಲು

ಎರಡು ದಿನ ಬಿಟ್ಟು ಹೋದಾಗ ಹನ್ನೊಂದು ಹಲಗೆ ಸಿದ್ಧವಾಗಿದ್ದವು. ನಾನು ಚೀಲದಿಂದ ನನ್ನ ಸ್ಕೇಲು ತೆಗೆದೆ. ನನ್ನ ನೋಟ್‌ಬುಕ್ಕಿನ ಮಾರ್ಜಿನ್ನುಗಳ ನೇರಕ್ಕೆ ಮೆಚ್ಚಿ ಕಾನ್ವೆಂಟಿನ ಸಿಸ್ಟರು ಇಡೀ ತರಗತಿಯ ಮುಂದೆ ಕೊಟ್ಟ ಒಂದು ಅಡಿಯ ಕಟ್ಟಿಗೆಯ ಸ್ಕೇಲು ಅದು.

ಅಳೆದೆ. ಎಂಟೂ ಕಾಲು. ಅಗಲ ಆರೂ ಕಾಲು. ಹನ್ನೊಂದೂ ಹಾಗೆಯೇ.

"ಕಾಕಾ, ನೀವು ಕಳ್ಳತನದಿಂದ ಆಯ ಸೇರಿಸಿದ್ದೀರಿ."

"ದೇವರಾಣಿ ಇಲ್ರಿ! ಟೇಪ್ ಹಿಡದು ನೋಡ್ರಿ, ಬರೋಬ್ಬರಿ ಎಂಟು."

"ನಿಮ್ಮ ಟೇಪು ಸಂತೆಯದು. ಇದು ಬಹುಮಾನದ್ದು."

ಕಾಕಾ ಸ್ಕೇಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಉಳಿದ ಕಟ್ಟಿಗೆಯಲ್ಲಿ, ನನ್ನ ಎದುರೇ, ನನ್ನದೇ ಸ್ಕೇಲಿನಿಂದ ಗೆರೆ ಹೊಡೆದು, ಬೇರೆ ಹನ್ನೊಂದು ಕೊಯ್ದುಕೊಟ್ಟರು. ಕಟ್ಟಿಗೆ ಅಲ್ಲಿಗೆ ಮುಗಿಯಿತು. ಮೊದಲಿನವನ್ನು ತೋರಿಸಿ ಅವರ ಹೆಂಡತಿ ಕೇಳಿದಳು: "ಇವನ್ನ ನಾ ತೊಗೊಳ್ಲೇನ್ರಿ?"

"ತೊಗೊಳ್ಳವ್ವ. ಅಳತೆ ತಪ್ಪಿದ ವಸ್ತು ನನ್ನ ಮನೆಯೊಳಗೆ ಬರುವುದಿಲ್ಲ" ಎಂದು ಹೇಳಿ ಬಂದೆ. ಆ ಮಾತನ್ನು ಸ್ವಲ್ಪ ಜೋರಾಗಿಯೇ ಹೇಳಿದ್ದೆ.

ಆನೆಯ ಬಾಲ

ಮನೆಯಲ್ಲಿ ಎರಡು ದಿನ ಬಣ್ಣ ಹೊಂದಿಸಿಕೊಂಡು, ಮೊದಲ ಹಲಗೆಯ ಮೇಲೆ ಆನೆಯ ಹಾಳೆ ಇಟ್ಟೆ. ಸೊಂಡಿಲು ಒಳಗೆ ಕೂತರೆ ಬಾಲ ಹೊರಗೆ. ಬಾಲ ಒಳಗೆ ತಂದರೆ ಸೊಂಡಿಲು ಹೊರಗೆ. ಗೋಪುರಕ್ಕೆ ಕಳಸವಿಲ್ಲ. ತುಳಸಿಕಟ್ಟೆಗೆ ಒಂದು ಮೆಟ್ಟಿಲು ಕಮ್ಮಿ.

ಗೆಳತಿಯರು ಸೇರಲು ಐದೇ ದಿನ ಉಳಿದಿತ್ತು. ಹಾಳೆ ಮಾರಿದ ಅಂಗಡಿಯವನನ್ನು ಬೈಯುತ್ತಿದ್ದೆ. ಯಜಮಾನರು ಸ್ಕೇಲು ಕೈಗೆತ್ತಿಕೊಂಡು ಕನ್ನಡಕ ಏರಿಸಿದರು.

"ಅಲ್ಲ, ಇದರಾಗ ಮೊದಲನೇ ಇಂಚು ಇಷ್ಟ ಗಿಡ್ಡ ಯಾಕ?"

ಆಗ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಸ್ಕೇಲಿನ ತುದಿ ಸೀಳಿತ್ತು. ಅಂಚು ಒರಟಾಗಿರಬಾರದೆಂದು ನಾನೇ ಉಸುಕಿನ ಕಾಗದದಿಂದ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದೆ. ಕಾಲಿಂಚು ಹೋಗುವಷ್ಟು ನುಣ್ಣಗೆ.

ಯಜಮಾನರು ಕಿಟಕಿಯ ಕಡೆ ನೋಡಿದರು. ಅಲ್ಲಿ ನನ್ನ ಸ್ಕೇಲಿನಿಂದಲೇ ಅಳೆದು ಹೊಲಿಸಿದ ಪಡದೆಗಳು ನೆಲ ಮುಟ್ಟದೆ ತೂಗುತ್ತಿದ್ದವು. "ಹಂಗಾದ್ರ" ಎಂದರು ಮೆಲ್ಲಗೆ, "ನೀ ಬಿಡಿಸಿದ ಆ ಮೂರು ಮಂದಿ ದರ್ಜಿಗಳದು ಏನೂ ತಪ್ಪಿರಲಿಲ್ಲ."

ಮನೆ ಮನೆ

ಬಡಿಗೇರರ ಮನೆಗೆ ಓಡಿದೆ. ಮರುದಿನ ಅಮಾವಾಸ್ಯೆ, ಕಾಕಾ ಆವತ್ತು ಗರಗಸ ಮುಟ್ಟುವುದಿಲ್ಲ. ಕೊಯ್ಯಲು ಕಟ್ಟಿಗೆಯೂ ಇಲ್ಲ. ಕಾಕಾ ಮೊದಲು ಕೊಯ್ದವೇ ಸರಿಯಾಗಿ ಎಂಟಕ್ಕೆ ಆರು ಇದ್ದವು; ಉಳಿದದ್ದು ಒಂದೇ ದಾರಿ. "ಆ ಮೊದಲಿನ ಹಲಗೆಗಳು ಎಲ್ಲಿ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ಮೊಸರಗಡಗಿಗೆ ಭಾಳ ಛಲೋ ಮುಚ್ಚಳ ಆದೂರಿ. ಬೆಕ್ಕಿಗೆ ಸರಿಸಾಕ ಬರಂಗಿಲ್ಲ. ನನಗೊಂದು ಇಟ್ಕೊಂಡು ಓಣ್ಯಾಗ ಎಲ್ಲಾರಿಗೂ ಒಂದೊಂದು ಕೊಟ್ಟೆ."

ತಪ್ಪು ಅಳತೆಯ ಹನ್ನೊಂದು ಹಲಗೆಗಳನ್ನು ಚೀಲದಲ್ಲಿ ಹಾಕಿಕೊಂಡು ಬದಲಿ ಕೊಡಲು ಹೊರಟೆ. ಆ ಓಣಿಯಲ್ಲಿ ನಾನು ಎಂದೂ ಯಾರ ಅಡುಗೆಮನೆಗೂ ಹೋದವಳಲ್ಲ. "ಬಾಯಾರ ಬಂದಾರ!" ಎಂದು ಚಾಪೆ ಹಾಸುವವರೇ ಎಲ್ಲರೂ. ಹಲಗೆ ಕೇಳುವ ಮೊದಲು ಕೂಡಬೇಕು. ಕೂತ ಮೇಲೆ ಮಜ್ಜಿಗೆ ಕುಡಿಯಬೇಕು. ಏಳನೆಯ ಮನೆಯ ಹೊತ್ತಿಗೆ ನಡೆದರೆ ಹೊಟ್ಟೆಯಲ್ಲಿ ಸದ್ದು ಕೇಳುತ್ತಿತ್ತು.

ಯಾರೂ ಇಲ್ಲ ಎನ್ನಲಿಲ್ಲ. ಕೊನೆಯ ಮನೆಯ ಮುದುಕಿಯೊಬ್ಬಳು ಮಾತ್ರ ನಾನು ಕೊಟ್ಟ ಬದಲಿ ಹಲಗೆಯನ್ನು ಗಡಿಗೆಯ ಮೇಲಿಟ್ಟು, ಸಂದಿಯಲ್ಲಿ ಬೆರಳು ತೂರಿಸಿ ತೋರಿಸಿದಳು.

"ಇದು ಮುಚ್ಚವಲ್ದು ನೋಡವಾ. ಮೊದಲಿಂದ ಬರೋಬ್ಬರಿ ಇತ್ತು. ಇದನ್ನ ಕೊಯ್ಯಿಸಿದಾಕಿ ಯಾರೋ ಏನೋ, ಅಳತಿ ಗೊತ್ತಿಲ್ಲದಾಕಿ."

ನಾನು ಲೋಟದಲ್ಲಿ ಉಳಿದ ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದೆ.

ಇನ್ನೊಂದು ಹಲಗೆ

ಹಲಗೆಗಳನ್ನು ಉಜ್ಜಿ, ಬಿಸಿಲಿಗೆ ಇಟ್ಟು, ನಾಲ್ಕು ದಿನ ಬೆನ್ನು ಬಗ್ಗಿಸಿ ಬಣ್ಣ ಹಾಕಿದೆ. ಒಂದೊಂದು ಹಾಳೆಯೂ ಅಂಚಿಗಂಚು ಕೂತಿತು. ಆನೆಗೆ ಬಾಲ ಬಂತು, ಗೋಪುರಕ್ಕೆ ಕಳಸ ಬಂತು.

ಹುಬ್ಬಳ್ಳಿಯಲ್ಲಿ ಹನ್ನೊಂದು ಮಂದಿಯೂ ಹಲಗೆ ಹಿಡಿದು ಹೊಗಳಿದರು. ಪೈಪೋಟಿಯವಳು ತನ್ನದನ್ನು ತಿರುಗಿಸಿ ಮುರುಗಿಸಿ, ಮೂಗಿನ ಹತ್ತಿರ ಒಯ್ದು, "ಏನೋ ಮೊಸರಿನ ವಾಸನೆ" ಎಂದಳು. "ಹಳ್ಳಿಯ ಹವಾ" ಎಂದೆ. ಅವಳು ಹಲಗೆಯ ಅಂಚಿನ ಮೇಲೆ ಬೆರಳು ಆಡಿಸಿ ಸೋಲೊಪ್ಪಿದಳು: "ಎಷ್ಟು ಪಕ್ಕಾ ಅಳತೆ! ಸಿಸ್ಟರು ಆ ಸ್ಕೇಲನ್ನು ನಿನಗೇ ಕೊಟ್ಟದ್ದು ಸುಮ್ಮನೆ ಅಲ್ಲ. ನನ್ನ ತಂಗಿಗೂ ಒಂದು ಮಾಡಿಕೊಡು."

ನಾನು ಏನನ್ನೂ ತಿದ್ದಲು ಹೋಗಲಿಲ್ಲ.

ಮರುದಿನ ಬಡಿಗೇರ ಕಾಕಾನ ಮುಂದೆ ನಿಂತು, ಬಾಯಿ ಬಿಟ್ಟು, ತಪ್ಪು ನನ್ನದೇ ಎಂದೆ. ಅವರು ಗರಗಸ ನಿಲ್ಲಿಸಲಿಲ್ಲ.

"ಅದಿರ್ಲಿ ಬಾಯಾರ. ಎಷ್ಟು ಮನಿ ತಿರಗಿದ್ರಿ?"

"ಹನ್ನೊಂದು. ನಿಮ್ಮ ಮನೆಯೂ ಸೇರಿ."

"ಕಾಗಿ ಆಯ ಅಂದಿದ್ನಿಲ್ರಿ?"

ಇನ್ನೊಂದು ಹಲಗೆ ಬೇಕಾಗಿದೆ ಎಂದೆ. ಕಾಕಾ ಟೇಪು ಎಳೆದು, ಅದನ್ನು ಮತ್ತೆ ಒಳಗೆ ಬಿಟ್ಟು, ಬಹಳ ಮರ್ಯಾದೆಯಿಂದ ಕೈ ಚಾಚಿದರು.

"ಸ್ಕೇಲ್ ಕೊಡ್ರಿ. ಅಳತಿ ಎಷ್ಟು?"

"ಸ್ಕೇಲು ಮನೆಯಲ್ಲೇ ಇರಲಿ ಕಾಕಾ" ಎಂದೆ. "ನಿಮ್ಮ ಆಯ ಎಷ್ಟಕ್ಕೆ ಕೂಡುತ್ತದೋ ಅಷ್ಟು ಕೊಯ್ಯಿರಿ. ಆನೆಯ ಬಾಲ ನಾನು ಹೊಂದಿಸಿಕೊಳ್ಳುತ್ತೇನೆ."