ಚಿಗವ್ವನ ರಾಷ್ಟ್ರೀಯ ಶೋಕ

ಗಂಡ ಸತ್ತಾಗ ಇಡೀ ಭಾರತ ದೇಶವೇ ಅಳುವಂತೆ ಮಾಡಿದ ಹೆಂಗಸು ಯಾರು? ಪುರಾಣಗಳನ್ನು ತಡಕಾಡಬೇಡಿ, ಯಾವ ಪತಿವ್ರತೆಗೂ ಅಂಥ ತಾಕತ್ತು ಇರಲಿಲ್ಲ. ಆಕೆ ಸಿರುಗುಪ್ಪದ ನಮ್ಮ ಚಿಗವ್ವ, ನನ್ನ ಅವ್ವನ ಖಾಸಾ ತಂಗಿ! ಆಕೆಯ ಗಂಡ ಅಕ್ಕಿ ಮಿಲ್ಲಿನಲ್ಲಿ ಚೀಲ ತೂಗಿಸುವ ಗುಮಾಸ್ತ. ಅಂಥವರು ಸತ್ತರೆ ಮಿಲ್ಲಿಗೇ ಅರ್ಧ ದಿನ ರಜೆ ಸಿಗುವುದು ಕಷ್ಟ. ಆದರೆ ನಮ್ಮ ಚಿಗಪ್ಪ ಸತ್ತಾಗ ದಿಲ್ಲಿಯಲ್ಲಿ ಬಾವುಟ ಕೆಳಗಿಳಿಯಿತು, ಕಚೇರಿಗಳು ಬಾಗಿಲು ಹಾಕಿದವು, ದೇಶದ ರೇಡಿಯೊಗಳಲ್ಲೆಲ್ಲ ಸಿನಿಮಾ ಹಾಡು ನಿಂತುಹೋಯಿತು. ನಗಬೇಡಿ, ಇದಕ್ಕೆ ಸಾಕ್ಷಿ ನಾನೇ ಇದ್ದೇನೆ.

ಮೊದಲು ಚಿಗವ್ವನ ಗಂಟಲಿನ ವಿಷಯ ಹೇಳಿಬಿಡುತ್ತೇನೆ. ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಅವರ ಮಾನ ಹರಾಜು ಹಾಕುವ ಬೀಗರ ಹಾಡಿಗೆ ಬಳ್ಳಾರಿಯಿಂದ ಕುರುಗೋಡಿನವರೆಗೆ ಆಕೆಯದೇ ಹೆಸರು. ಧಾಟಿ ರೇಡಿಯೊದ್ದು, ಮಾತು ಆಕೆಯದು, ಪೆಟ್ಟು ಬೀಗರಿಗೆ! ಆಕೆ ಒಂದು ಸಾಲು ಎಸೆದರೆ ಎರಡನೆಯ ಸಾಲನ್ನು ನಾನು ಹಿಡಿಯಬೇಕು. ಶಾಲೆಗೆ ಹೋಗುವ ಹುಡುಗಿ ನಾನು, ಬೈಗುಳವನ್ನು ರಾಗವಾಗಿ ಹೇಳಿದರೆ ಹೋಳಿಗೆ ಕೊಡುತ್ತಾರೆಂದರೆ ಬೇಡ ಎನ್ನುವುದುಂಟೆ?

ಚೀನಾ ಯುದ್ಧ ಆಗಷ್ಟೇ ನಿಂತಿತ್ತು. ರೇಡಿಯೊ ತಿರುಗಿಸಿದರೆ ಸಾಕು, ಗಡಿ, ಸೈನಿಕ, ರಕ್ತ. ಧಾಟಿಗಳೂ ಬೂಟು ಹಾಕಿಕೊಂಡು ನಡೆಯುತ್ತಿದ್ದವು. ಕುರುಗೋಡಿನ ಒಂದು ಮದುವೆಯಲ್ಲಿ ಚಿಗವ್ವ ಅದೇ ಕವಾಯತಿನ ಧಾಟಿಯಲ್ಲಿ ಶುರುಮಾಡಿದಳು:

"ಗಡಿಯ ದಾಟಿ ಬಂದಾರ ನಮ್ಮ ಬೀಗರು..."

ನಾನು ಹಿಡಿದೆ: "ತುಪ್ಪದ ಗಡಿಗಿಗೆ ಮುತ್ತಿಗಿ ಹಾಕ್ಯಾರ!"

ಗಂಡಿನ ದೊಡ್ಡಪ್ಪನಿಗೆ ಹೋಳಿಗೆ ಗಂಟಲಲ್ಲೇ ನಿಂತಿತು. "ಏನವ್ವಾ, ನಾವೇನು ಚೀನಾದವ್ರೇನು?" ಎಂದು ಎಲೆ ಬಿಟ್ಟು ಎದ್ದರು.

"ಛೆ, ಬಿಡ್ತು ಅನ್ರಿ! ಅವ್ರು ವಾಪಸ್ ಹೋದ್ರು. ನೀವು ಇನ್ನಾ ಇಲ್ಲೇ ಅದೀರಿ!" ಎಂದಳು ಚಿಗವ್ವ.

ಪಂಕ್ತಿ ಪೂರಾ ನಕ್ಕಿತು, ಕೊನೆಗೆ ದೊಡ್ಡಪ್ಪನವರೂ ನಕ್ಕು, ಮತ್ತೆ ಕೂತು ಇನ್ನೂ ಎರಡು ಹೋಳಿಗೆ ಹಾಕಿಸಿಕೊಂಡರು.

ಚಿಗಪ್ಪನಿಗೆ ಮಾತ್ರ ಹಾಡಿನ ಗಂಧಗಾಳಿಯೂ ಇರಲಿಲ್ಲ. ಹೆಂಡತಿ ಹಾಡುವಾಗ ಚೀಲದ ಮೇಲೆ ತಾಳ ಹಾಕುತ್ತಿದ್ದರು, ಅದೂ ತಪ್ಪು ತಾಳ. ಹಾಗಿದ್ದವರು ಅರವತ್ನಾಲ್ಕರ ಮೇ ತಿಂಗಳಲ್ಲಿ, ನಮ್ಮ ಸೀಮೆಯಲ್ಲಿ ಸತ್ತವರೂ ಬೆವರುವ ಆ ಬಿಸಿಲಲ್ಲಿ, ಬೆಳಗ್ಗೆ ಮಿಲ್ಲಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ. ಅದೇ ಮಧ್ಯಾಹ್ನ ದಿಲ್ಲಿಯಲ್ಲಿ ಪ್ರಧಾನಮಂತ್ರಿಗಳೂ ತೀರಿಕೊಂಡರು!

ಎದುರುಗಡೆಯ ಹೋಟೆಲಿನ ರೇಡಿಯೊ ದಿನವಿಡೀ ಸಿನಿಮಾ ಹಾಡು ಕಿರುಚುತ್ತಿದ್ದದ್ದು, ಅವತ್ತು ಸಾರಂಗಿ ಹಿಡಿದು ಕೂತಿತು. ಬಜಾರು ಬಂದ್. ತಾಲ್ಲೂಕು ಕಚೇರಿಯ ಬಾವುಟ ಅರ್ಧಕ್ಕೆ ಇಳಿಯಿತು. ಮಣ್ಣು ಮಾಡಿ ಬಂದ ಮೇಲೆ ಮೂಲೆಯಲ್ಲಿ ಕೂತಿದ್ದ ಚಿಗವ್ವ ತಲೆಯೆತ್ತಿ, "ಅಕ್ಕಾ, ಇದೇನು ಊರಿಗೆ ಊರ ಸುಮ್ಮನ ಆಗೈತಿ?" ಎಂದು ಕೇಳಿದಳು. ಅವ್ವ ವಿಷಯ ಹೇಳಿದಳು. ಚಿಗವ್ವ ಎರಡು ಬೆರಳು ಎತ್ತಿದಳು.

"ಇರ್ಲಿ ಬಿಡು. ಅವ್ರಿಗೂ ಆತು, ನಮ್ಮ ಮನಿಯವ್ರಿಗೂ ಆತು. ಒಂದ ಜಟಕಾದಾಗ ಇಬ್ರು ಹೋದಂಗ."

ಅಂದಿನಿಂದ ಆಕೆಯ ಶೋಕ ಸರ್ಕಾರಿ ಲೆಕ್ಕದಲ್ಲಿ ನಡೆಯಿತು. ರೇಡಿಯೊದಲ್ಲಿ ವೀಣೆಯಿದ್ದರೆ ಅಳುವಳು, ಭಜನೆಯಿದ್ದರೆ ಮೂಗು ಒರೆಸಿಕೊಂಡು ಗಂಜಿ ಕುಡಿಯುವಳು. ಒಂದು ಬೆಳಗ್ಗೆ ಹೋಟೆಲಿನ ರೇಡಿಯೊ ಮತ್ತೆ ಸಿನಿಮಾ ಹಾಡು ಹಾಕಿತು. ಚಿಗವ್ವ ಎದ್ದು ಮುಖ ತೊಳೆದು ಅಂಗಳ ಗುಡಿಸುತ್ತ ಅದನ್ನೇ ಗುನುಗಿದಳು! ಆಕೆಯ ಅತ್ತೆ ಕೈಯಲ್ಲಿದ್ದ ತಂಬಿಗೆ ಬಿಟ್ಟರು. ಮುಂಡೆಯಾದವಳು ಹಾಡುವುದೆಂದರೇನು? ಹಿರಿಯರು ಕೂಡಿದರು.

"ದಿಲ್ಲಿ ಸರಕಾರನ ಅತ್ತು ಮುಗಿಸಿ ಹಾಡು ಹಾಕೈತ್ರಿ," ಎಂದಳು ಚಿಗವ್ವ. "ಸರಕಾರಕ್ಕಿಂತ ನಾನು ದೊಡ್ಡಾಕಿ ಏನ್ರಿ?"

"ಸರಕಾರದ್ದು ಬ್ಯಾರೆ ಐತವ್ವಾ," ಎಂದರು ಒಬ್ಬ ಹಿರಿಯರು.

"ಯಾಕ ಬ್ಯಾರೆ? ಅವತ್ತು ಇಬ್ರಿಗೂ ಕೂಡೇ ಅತ್ತೀವಿ. ಈಗ ಅವ್ರು ಹಾಡಬೇಕು, ನಾನು ಬಾಯಿ ಹೊಲ್ಕೋಬೇಕೇನು?"

ಆದರೆ ವಾದದಲ್ಲಿ ಸೋತೆವೆಂದು ಯಾವ ಹಿರಿಯರು ತೀರ್ಪು ಬದಲಿಸಿದ್ದಾರೆ? ಇನ್ನು ಮದುವೆ ಚಪ್ಪರದ ಕೆಳಗೆ ಹಾಡಕೂಡದು ಎಂದು ಆಯಿತು. ಸರಿ, ಚಿಗವ್ವ ಮದುವೆ ಮನೆಯ ಹಿತ್ತಲಿಗೆ ಹೋಗಿ, ಒಲೆಗಳ ಹತ್ತಿರ ನಿಂತು ಹಾಡಿದಳು. ಸೌಟು ಹಿಡಿದವರ ಮಧ್ಯೆ ನಿಂತು ಎರಡನೆಯ ಸಾಲು ನಾನು ಹಿಡಿದೆ. ಚಪ್ಪರದಲ್ಲಿ ಕೂತ ಮುತ್ತೈದೆಯರ ಹಾಡು ಯಾರಿಗೂ ಕೇಳಲಿಲ್ಲ. ಕೊನೆಗೆ ಬೀಗರೇ ಎಲೆಗಳನ್ನು ಎತ್ತಿಕೊಂಡು ಹಿತ್ತಲಿನ ಕಡೆ ಮುಖ ಮಾಡಿ ಕೂತರು. ಬೈಸಿಕೊಳ್ಳಲಿಕ್ಕೂ ಒಂದು ಯೋಗ್ಯತೆಯ ಬಾಯಿ ಬೇಕಲ್ಲವೇ!

ಇಷ್ಟಾದ ಮೇಲೆ ದೇಶದ ದುಃಖ ಮತ್ತು ಸಿನಿಮಾ ಹಾಡು, ಇವೆರಡರ ಸಂಬಂಧದಲ್ಲಿ ಚಿಗವ್ವ ಪಂಡಿತಳೇ ಆಗಿಬಿಟ್ಟಳು. "ಅತ್ತ ಮ್ಯಾಲೆ ಹೊಟ್ಟಿ ಹಸೀತೈತಿ, ಹೊಟ್ಟಿ ತುಂಬಿದ ಮ್ಯಾಲೆ ಕಾಲು ಕುಣೀತಾವ. ದೇಶದ್ದೂ ಅಷ್ಟ," ಎಂಬುದು ಆಕೆಯ ಸಿದ್ಧಾಂತ. ಅರವತ್ತೈದರ ಯುದ್ಧ ಮುಗಿದಾಗ ನನ್ನನ್ನು ಕರೆದುಕೊಂಡು ಬಳ್ಳಾರಿಯ ಬ್ರೂಸ್‌ಪೇಟೆಯ ರೆಕಾರ್ಡು ಅಂಗಡಿಗೆ ಹೋಗಿ, ತೆಲುಗು ಸೀಮೆಯ ಆ ಮಾಲೀಕನಿಗೆ ಬಿಟ್ಟಿ ಸಲಹೆ ಕೊಟ್ಟಳು. "ಆ ಸಿಪಾಯಿ ಹಾಡು ಎಲ್ಲಾ ತಗದು ಒಳಗ ಇಡ್ರಿ. ಇನ್ನ ಮಂದಿ ಕುಣೀತಾರ. ಕುಣಿಯೋ ಹಾಡು ತರಿಸ್ರಿ."

ಪಾಪ, ನಂಬಿದ. ಮದ್ರಾಸಿನಿಂದ ಪೆಟ್ಟಿಗೆಗಟ್ಟಲೆ ತರಿಸಿದ. ಸಂಕ್ರಾಂತಿಯ ಹೊತ್ತಿಗೆ ಇನ್ನೊಬ್ಬ ಪ್ರಧಾನಮಂತ್ರಿಗಳೂ ತೀರಿಕೊಂಡರು! ಮತ್ತೆ ಸಾರಂಗಿ, ಮತ್ತೆ ಭಜನೆ. ಮುಂದಿನ ಸಲ ನಾವು ಹೋದಾಗ ಮಾಲೀಕ ಪೆಟ್ಟಿಗೆಗಳನ್ನು ತೋರಿಸಿ, "ಏಮಮ್ಮಾ, ನಿಮ್ಮ ಕುಣಿಯೋ ಹಾಡು ಎಲ್ಲಾ ಇಲ್ಲೇ ಕುಂತಾವ!" ಎಂದ.

ಚಿಗವ್ವ ತಣ್ಣಗೆ ಹೇಳಿದಳು: "ನಾನೇನು ಮಾಡ್ಲಿ? ದಿಲ್ಲ್ಯಾಗ ನನ್ನ ಕೇಳಿ ಸಾಯ್ತಾರೇನು?"

ನಾನು ಮದುವೆಯಾಗಿ ಬಳ್ಳಾರಿಯ ಗಾಂಧಿನಗರಕ್ಕೆ ಬಂದೆ. ಬಾಂಗ್ಲಾ ಯುದ್ಧದ ವರ್ಷ ಮಗ ಹುಟ್ಟಿದ. ಬಾಣಂತನಕ್ಕೆ ಬಂದ ಚಿಗವ್ವ ತೊಟ್ಟಿಲ ಹಾಡನ್ನೂ ಕವಾಯತಿನ ಧಾಟಿಗೆ ಕೂರಿಸಿದಳು. ಕೂಸು ಕಣ್ಣು ಮುಚ್ಚಲೇ ಇಲ್ಲ. "ಸಿಪಾಯಿ ಪಹರೆ ಬಿಟ್ಟು ಮಲಗ್ತಾನೇನಲೇ?" ಎಂದು ನನ್ನನ್ನೇ ಬೈದು ತಾನು ಗೊರಕೆ ಹೊಡೆದಳು. ನನ್ನ ಯಜಮಾನರು ಆ ಧಾಟಿಯನ್ನೇ ಶಿಳ್ಳೆ ಹಾಕುತ್ತ ಕೂಸನ್ನು ಎತ್ತಿಕೊಂಡು ಬೆಳಗಿನವರೆಗೆ ತಿರುಗಾಡಿದರು. ಅವರಿಗೆ ರೇಡಿಯೊ ಇಲ್ಲದೆ ಗಡ್ಡ ಕೆರೆದುಕೊಳ್ಳಲಿಕ್ಕೂ ಬರುತ್ತಿರಲಿಲ್ಲ. ಹಾಡು ಮುಗಿಯುವ ತನಕ ಅರ್ಧ ಮುಖದಲ್ಲಿ ಸಾಬೂನು ಇಟ್ಟುಕೊಂಡು ನಿಂತಿರುತ್ತಿದ್ದರು.

ಎಂಬತ್ತೆರಡನೆಯ ಇಸವಿಯಲ್ಲಿ ಅವರೂ ಹೋದರು. ಮೂರು ದಿನದ ಜ್ವರ, ಅಷ್ಟೆ. ಅವತ್ತು ದಿಲ್ಲಿಯಲ್ಲಿ ಎಲ್ಲರೂ ಆರೋಗ್ಯವಾಗಿದ್ದರು.

ಮಣ್ಣು ಮಾಡಿ ಬಂದರು. ನಾನು ಮೂಲೆಯಲ್ಲಿ ಕೂತೆ. ಓಣಿಯ ತುದಿಯ ಹೋಟೆಲಿನಲ್ಲಿ ಹಾಡು ನಡೆದೇ ಇತ್ತು. ಯಾವನೋ ಯಾವಳನ್ನೋ ಮರ ಸುತ್ತಿಸುತ್ತಿದ್ದ. ಪಕ್ಕದ ಮನೆಗಳಲ್ಲೂ ಅದೇ ಹಾಡು. ಅವರದೇನು ತಪ್ಪು? ಆದರೂ, ಇಷ್ಟು ದೊಡ್ಡ ಮನುಷ್ಯ ಹೋದರು, ದೇಶಕ್ಕೆ ಗೊತ್ತೇ ಆಗಲಿಲ್ಲವಲ್ಲ!

ಸಿರುಗುಪ್ಪದ ಬಸ್ಸಿನಿಂದ ಇಳಿದು ಚಿಗವ್ವ ಬಂದಳು. ನನ್ನ ಮುಖ ನೋಡಿದಳು, ಕಿವಿಗೊಟ್ಟು ಹಾಡನ್ನೂ ಕೇಳಿದಳು. ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಗಂಟನ್ನು ಅಲ್ಲೇ ಇಟ್ಟು ಹೊರಗೆ ಹೋದಳು. ಒಂದೊಂದೇ ಮನೆಯ ಮುಂದೆ ಆಕೆಯ ದನಿ ಕೇಳಿಸಿತು, "ನಮ್ಮ ಅಳಿಯ ಹೋಗ್ಯಾನ್ರಿ, ನಾಕು ದಿನ ಹಾಡು ಬಂದ್ ಮಾಡ್ರಿ." ಒಂದೊಂದೇ ರೇಡಿಯೊ ನಿಂತಿತು. ಕೊನೆಗೆ ಹೋಟೆಲು ಉಳಿಯಿತು.

"ಸರಕಾರದ ಆರ್ಡರ್ ಐತೇನಬೇ?" ಎಂದ ಹೋಟೆಲಿನವನು.

"ಐತಿ. ಇವತ್ತು ನಾನೇ ಸರಕಾರ."

ಓಣಿ ಸುಮ್ಮನಾಯಿತು. ಅರವತ್ನಾಲ್ಕರಲ್ಲಿ ಸಿರುಗುಪ್ಪ ಸುಮ್ಮನಾಗಿತ್ತಲ್ಲ, ಹಾಗೆ. ಆಗ ನನಗೆ ಅಳು ಬಂತು, ಮನೆ ಬಿದ್ದು ಹೋಗುವಷ್ಟು. ಚಿಗವ್ವ ಬಂದು ಪಕ್ಕದಲ್ಲಿ ಕೂತಳು. "ಅಳು. ನನಗ ದಿಲ್ಲಿಯವ್ರು ಮಾಡಿಕೊಟ್ಟಿದ್ರು. ನಿನಗ ನಾನು ಮಾಡೀನಿ," ಎಂದಳು.

ಎಷ್ಟು ದಿನ ಹಾಗಿತ್ತೋ ನನಗೆ ನೆನಪಿಲ್ಲ. ಒಂದು ಬೆಳಗ್ಗೆ ಆಕೆ ಬಾಗಿಲಲ್ಲಿ ನಿಂತು ಹೋಟೆಲಿನವನಿಗೆ ಕೈಸನ್ನೆ ಮಾಡಿದಳು. ಹಾಡು ಬಂತು. ಆಮೇಲೆ ನನ್ನೆದುರು ಕೂತು ಆ ಹಳೆಯ ಸಾಲು ಎತ್ತಿದಳು:

"ಗಡಿಯ ದಾಟಿ ಬಂದಾರ ನಮ್ಮ ಬೀಗರು..."

ಎತ್ತಿ, ನಿಲ್ಲಿಸಿ, ನನ್ನ ಮುಖ ನೋಡುತ್ತ ಕೂತಳು. ಒಳಗಿನಿಂದ ನಮ್ಮ ಅತ್ತೆಯವರೂ ನೋಡುತ್ತಿದ್ದರು. ಆದರೂ ನಾನು ಹಿಡಿದೆ. "ತುಪ್ಪದ ಗಡಿಗಿಗೆ..." ಎನ್ನುವಷ್ಟರಲ್ಲಿ ದನಿ ಒಡೆಯಿತು.

"ಧಾಟಿ ತಪ್ಪಿತಲೇ," ಎಂದಳು ಚಿಗವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಮತ್ತ ಹಿಡಿ."

ಮತ್ತೆ ಹಿಡಿದೆ.