ಒಂದು ಭಾನುವಾರದ ಮಟ್ಟಿಗೆ ಹಾವು

ಮೂರನೇ ಕ್ಲಾಸಿನ ಮಕ್ಕಳು ಶಾಲೆಯಲ್ಲಿ ಸಾಕಿದ್ದ ಕಂದು ಹಾವಿನ ಗಾಜಿನ ಪೆಟ್ಟಿಗೆಯನ್ನು ಅವರ ಟೀಚರ್ ಡೋರೀನ್ ಭಾನುವಾರ ಬೆಳಿಗ್ಗೆ ತಂದು ಅಕ್ಕನ ಗಂಡ ವೆಲ್ಡನ್ ಜೆಲಿಂಕನ ಅಡುಗೆಮನೆಯಲ್ಲಿಟ್ಟಳು.

"ಸಂಜೆವರೆಗೆ ನೋಡ್ಕೊಳ್ಳಿ ಭಾವ. ಗೇಣುದ್ದದ ಬಡಪ್ರಾಣಿ. ಪಾಚಿಗೆ ನೀರು ಚಿಮುಕಿಸಿ, ಎರಡು ಎರೆಹುಳು ಹಾಕಿ, ಸಾಕು. ಹೆಸರು ಪಿಕಲ್. ಮಕ್ಕಳಿಗೆ ಇದಂದ್ರೆ ಪ್ರಾಣ."

ಹೆಂಡತಿ ಊರಲ್ಲಿರಲಿಲ್ಲ. ಬೇಡ ಎನ್ನುವುದು ವೆಲ್ಡನ್‌ಗೆ ಹುಟ್ಟಿದಾರಭ್ಯ ಬಂದಿರಲಿಲ್ಲ.

ಹಿತ್ತಲು ಅಗೆದು ಎರೆಹುಳು ತಂದು ಮುಚ್ಚಳ ತೆಗೆದ. ಪಾಚಿಯ ಕೆಳಗೆ ಹಾವಿಲ್ಲ. ಕಲ್ಲಿನ ಸಂದಿಯಲ್ಲಿಲ್ಲ. ಬೂಟು ಕೊಡವಿದ, ಸೋಫಾ ಮಗುಚಿದ. ಪಕ್ಕದ ಮನೆಯ ಹುಲ್ಡಾ ಚರ್ಚಿನಿಂದ ನೇರ ಮೊಟ್ಟೆ ಕೇಳಲು ಬಂದಾಗ ಅವನ ತಲೆ ಫ್ರಿಜ್ಜಿನ ಅಡಿಯಲ್ಲಿತ್ತು.

"ಏನಪ್ಪಾ ಹುಡುಕ್ತಿದ್ದೀಯ?"

"ಬೆಲ್ಟು."

"ಎಂಥದ್ದು?"

"ಕಂದು ಬಣ್ಣದ್ದು. ಸ್ವಲ್ಪ ಓಡಾಡುತ್ತೆ."

ಹುಲ್ಡಾಳ ಕಣ್ಣು ಗಾಜಿನ ಪೆಟ್ಟಿಗೆಯ ಮೇಲೆ ಮಕ್ಕಳು ಬಣ್ಣದಲ್ಲಿ ಬರೆದಿದ್ದ 'ನಮ್ಮ ಹಾವು' ಎಂಬ ಅಕ್ಷರಗಳ ಮೇಲೆ ಬಿತ್ತು. ಎಪ್ಪತ್ತು ದಾಟಿದ ಆಕೆ ಟೊಪ್ಪಿಗೆ ಸಮೇತ ಊಟದ ಮೇಜು ಹತ್ತಿದ್ದನ್ನು ಕಂಡು ವೆಲ್ಡನ್ ಹಾವನ್ನೇ ಒಂದು ಕ್ಷಣ ಮರೆತ. ಅವಳ ಕೂಗಿಗೆ ಎದುರುಮನೆಯ ಓಟಿಸ್, ಹಿಮ ಎತ್ತುವ ಸಲಿಕೆ ಹಿಡಿದು ಓಡಿಬಂದ.

"ವಿಷ ಇದೆಯಾ?"

"ಎರೆಹುಳು ಬಿಟ್ರೆ ಅದು ಯಾರ ತಂಟೆಗೂ ಹೋಗಲ್ಲ."

"ನನ್ನನ್ನೂ ಎರೆಹುಳು ಅಂದ್ಕೊಂಡ್ರೆ?" ಎಂದ ಆರಡಿಯ ಓಟಿಸ್. ಆಮೇಲೆ ದನಿ ತಗ್ಗಿಸಿದ. "ನನ್ನ ಸೌದೆ ರಾಶಿ ಕೆಳಗೆ ಇಂಥವೇ ಇವೆ. ಒಂದು ಹಿಡಿದು ಹಾಕು. ಮಕ್ಕಳು ಹಾವಿನ ಮುಖ ನೋಡಿ ಗುರುತು ಹಿಡೀತಾರಾ?"

ವೆಲ್ಡನ್ ನಾಲ್ಕು ಗಂಟೆಯವರೆಗೆ ಸೌದೆ ಎತ್ತಿ ಹಾಕಿದ. ಹುಲ್ಡಾ ಮೇಜಿನ ಮೇಲಿಂದ ಇಳಿಯದೆಯೇ ಕಿಟಕಿಯಾಚೆಗೆ ಬೆರಳು ಚಾಚಿ, "ಅಲ್ಲಿ ನೋಡು, ಅಲ್ಲಲ್ಲ, ಆ ಕಡೆ" ಎನ್ನುತ್ತಿದ್ದಳು. ಕೊನೆಗೆ ಒಂದು ಸಿಕ್ಕಿತು. ಸಿಕ್ಕ ಸಿಟ್ಟಿಗೆ ಅವನ ಒಳ್ಳೆಯ ಅಂಗಿಯ ಮೇಲೆ ಎಂಥದೋ ದ್ರವ ಬಿಟ್ಟಿತು. ಆ ನಾತಕ್ಕೆ ಓಟಿಸ್ ಸಲಿಕೆ ಎಸೆದು ಮನೆ ಸೇರಿಕೊಂಡ. ವೆಲ್ಡನ್ ಅಡುಗೆಮನೆಗೆ ಕಾಲಿಡುತ್ತಲೇ ಹುಲ್ಡಾ ಮೇಜಿನಿಂದ ತಾನಾಗಿಯೇ ಇಳಿದು ನಡೆದಳು.

ಪೆಟ್ಟಿಗೆಗೆ ಬಿಟ್ಟ ಹಾವು ಎರೆಹುಳು ನುಂಗಿ ಪಾಚಿಯ ಮೇಲೆ ಹಾಯಾಗಿ ಸುತ್ತಿಕೊಂಡಿತು.

ಸಂಜೆ ಡೋರೀನ್ ಬಂದವಳೇ ಅವನ ತೋಳು ಹಿಡಿದಳು. "ಬೇಜಾರು ಮಾಡ್ಕೋಬೇಡಿ ಭಾವ. ಹಾವಲ್ವಾ, ತಪ್ಪಿಸ್ಕೊಂಡು ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ? ಇಲ್ಲೇ ಇದೆ."

ಅವಳು ಬಗ್ಗಿ ನೋಡಿದಳು. ಮುಖ ಸುಣ್ಣವಾಯಿತು.

"ಇದೆಲ್ಲಿಂದ ಬಂತು?"

"ನೀನೇ ತಂದದ್ದು."

"ನಾನು ತಂದದ್ದು ಬರೀ ಪೆಟ್ಟಿಗೆ. ಹಾವು ಬುಧವಾರವೇ ನನ್ನ ಕೈಯಿಂದ ತಪ್ಪಿಸ್ಕೊಂಡಿತ್ತು. ನಮ್ಮ ಭಾವ ಕಳೆದುಬಿಟ್ರು ಅಂತ ಮಕ್ಕಳಿಗೆ ಶುಕ್ರವಾರ ಹೇಳಿಬಿಟ್ಟೆ."

ವೆಲ್ಡನ್ ಕುರ್ಚಿಗೆ ಕುಸಿದ. "ಹಾಗಾದ್ರೆ ಇದನ್ನೇ ತಗೊಂಡು ಹೋಗು. ಸಿಕ್ಕಿತು ಅನ್ನು."

"ಪಿಕಲ್‌ಗೆ ಬಾಲದ ತುದಿ ಇರಲಿಲ್ಲ ಭಾವ. ಕಳೆದದ್ದಲ್ಲದೆ ಮೋಸಾನೂ ಮಾಡಿದ್ರು ಅಂತ ನಿಮಗೇ ಅಂಟುತ್ತೆ."

ಹೋಗುವಾಗ ಅವಳು ಒಂದು ದಪ್ಪ ಲಕೋಟೆಯನ್ನು ಮೇಜಿನ ಮೇಲಿಟ್ಟು ಹೋದಳು. ಒಳಗೆ ಮಕ್ಕಳು ಬರೆದ ಇಪ್ಪತ್ತನಾಲ್ಕು ಕಾಗದ. ಮೊದಲನೆಯದರಲ್ಲಿ ಕೆಂಪು ಬಳಪದಲ್ಲಿ ದುಂಡಗೆ ಬರೆದಿತ್ತು: "ಜೆಲಿಂಕ ಅವರೇ, ನಿಮ್ಮನ್ನ ಯಾರಾದ್ರೂ ಕಳೆದುಬಿಟ್ರೆ ನಾವು ಹುಡುಕಲ್ಲ."