ಪೀಕದಾನಿಗೆ ಬಿದ್ದ ಅಕ್ಷರ

ಜಹೀರುದ್ದೀನ್ ಸಾಹೇಬರ ಬಾಯಲ್ಲಿ ಆ ಹೊತ್ತು ಪಾನ್ ಇರದಿದ್ದರೆ ದೇವೀಂದ್ರಪ್ಪನಿಗೆ ಈ ಫಜೀತಿಯೇ ಬರುತ್ತಿರಲಿಲ್ಲ. ಕಲಬುರಗಿಯ ಅವರ ಹತ್ತಿ ಗಿರಣಿಯಲ್ಲಿ ಇಂಗ್ಲಿಷ್ ಬಲ್ಲ ಗುಮಾಸ್ತನ, ಅಂದರೆ ಮುನ್ಷಿಯ ಜಾಗ ಖಾಲಿಯಿತ್ತು. ಆ ನೌಕರಿ ಸಿಕ್ಕರೆ ಮಾತ್ರ ಮಗಳನ್ನು ಕೊಡುತ್ತೇನೆಂದು ಕೋಟನೂರಿನ ನಾಗಣ್ಣ ಖಡಾಖಡಿ ಹೇಳಿದ್ದ.

"ನಿಜಾಮ ಸೀಮಿ ಹತ್ತಿ ಖರೀದಿಗಿ ಜಪಾನ್ ಸಾಹೇಬ ಬಂದಾನ. ಕಮಲಾಪುರ ಬಂಗಲೇದಾಗ ಇಳದಾನ. ಅಂವನ ಇಂಗ್ಲಿಷ್ ಇಲ್ಲಿ ಯಾರಿಗೂ ತಿಳಿಯಂಗಿಲ್ಲ. ನೀ ಹೋಗಿ ಉಚ್ಚಾರ ಕಲಿ…" ಎಂದವರೇ ಸಾಹೇಬರು ಪೀಕದಾನಿಗೆ ಪಿಚಕ್ಕನೆ ಉಗುಳಿದರು. "ನಾಳಿ ಸಂಜಿಗಿ ಬಂದು ಕೇಳ್ತೀನಿ. ಪಾಸಾದರ ಜಾಗ ನಿಂದು."

'ಕಲಿಸು' ಅನ್ನುವುದರ 'ಸು' ಪೀಕದಾನಿಗೆ ಬಿತ್ತೆಂದುಕೊಂಡ ದೇವೀಂದ್ರಪ್ಪ ಮರುದಿನ ನಸುಕಿಗೇ ಟಾಂಗಾ ಹತ್ತಿದ.

ಜಪಾನಿನ ನಕಮುರಾ ಬಗ್ಗಿ ನಮಸ್ಕರಿಸಿ, ಇವನನ್ನು ಸ್ಟೂಲಿನ ಮೇಲೆ ಕೂರಿಸಿ ತಾನು ಕುರ್ಚಿ ಹಿಡಿದ. ಅವರ ದೇಶದ ರಿವಾಜು ಇರಬೇಕೆಂದು ದೇವೀಂದ್ರಪ್ಪ ಪಾಠ ಶುರು ಮಾಡಿದ.

"ಹೇಳ್ರಿ, ಇಸ್ಕೂಲ್."

ನಕಮುರಾ ತಲೆ ಅಲ್ಲಾಡಿಸಿದ. "ಸುಕೂರು."

"ಹಂಗಲ್ರೀ! ಇಸ್ಕೂಲ್!"

"ಸುಕೂರು!"

ಅವನ ಬಾಯಲ್ಲಿ ಲಕಾರವೇ ಇಲ್ಲ. ಬಾಲು ಬಾರಾಯಿತು, ಮಿಲ್ಲು ಮಿರ್ರಾಯಿತು. ಪ್ರತಿ ಸಲವೂ ನಕಮುರಾ ಇವನ ತುಟಿಯತ್ತ ಬೆರಳು ತೋರಿಸಿ, ಇನ್ನೊಮ್ಮೆ ಹೇಳೆಂದು ಕೈ ಮಾಡುತ್ತಿದ್ದ. ಎಂಥ ಕಲಿಯುವ ಹುಚ್ಚು ಇವನದು ಎಂದು ದೇವೀಂದ್ರಪ್ಪ ಮತ್ತಷ್ಟು ಒದರಿದ. ಮಧ್ಯಾಹ್ನದ ಹೊತ್ತಿಗೆ ತನ್ನೂರು ಕಲಬುರಗಿಯೋ ಕರಬುಲಗಿಯೋ ಅವನಿಗೇ ತಿಳಿಯದಾಯಿತು.

ಕೆಂಬಾಳೆ ಮಾರಲು ಬಂದ ಮಲ್ಕಮ್ಮ ಬುಟ್ಟಿ ಇಳಿಸಿದಳು. "ಏ ತಮ್ಮಾ, ಯಾಕ ಗಂಟಲ ಹರಕೋತಿ? ತೊದಲೋ ಕೂಸಿಗಿ ಬಜಿ ಬೇರು ತೇದು ನೆಕ್ಕಸ್ತೀವಿ. ಇಂವಗೂ ನೆಕ್ಕಸೋಣ, ತಡಿ."

ಆಕೆ ತೇದು ಕೊಟ್ಟ ಬಜೆಯನ್ನು ನಕಮುರಾ ಮೂಸಿ, ಮೊದಲು ದೇವೀಂದ್ರಪ್ಪನ ಬಾಯಿಗೇ ತುರುಕಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ, ಗುರುವಿಗೆ ಎಂಥ ಮರ್ಯಾದೆ ಎಂದು ದೇವೀಂದ್ರಪ್ಪ ಹಿಗ್ಗಿದ. ಉಳಿದದ್ದನ್ನು ಮಲ್ಕಮ್ಮ ಬಿಡದೆ ನಕಮುರಾನ ನಾಲಿಗೆಗೂ ಸವರಿದಳು.

ಸಂಜೆ ಸಾಹೇಬರ ಮೋಟಾರು ಬಂತು. ಈ ಸಲ ಅವರ ಬಾಯಲ್ಲಿ ಪಾನ್ ಇರಲಿಲ್ಲ. ದೇವೀಂದ್ರಪ್ಪ ಮುಂದೆ ಬಂದ. ಸಾಹೇಬರು ಅವನನ್ನು ದಾಟಿ ನಕಮುರಾನನ್ನೇ ಕೇಳಿದರು: "ಪಾಸ್?"

ನಕಮುರಾ ನಾಲಿಗೆಯನ್ನು ಹಲ್ಲಿನ ಬುಡಕ್ಕೆ ಒತ್ತಿ, ಬೆವರಿ, ನುಡಿದ: "ಫೇಲ್!"

"ಲ! ಲ ಬಂತ್ರೀ ಸಾಹೇಬ್ರ!" ದೇವೀಂದ್ರಪ್ಪ ಕುಣಿದಾಡಿಬಿಟ್ಟ.

"ಹುಚ್ಚಾ, ಯಾಕ ಕುಣೀತಿ? ಅವರ ಮಾತು ತಿಳಕೊಳ್ಳೋ ಮುನ್ಷಿ ಬೇಕಂತ ನಿನ್ನ ಕಳಿಸಿದ್ದೆ. ಫೇಲಾದಾಂವ ನೀನು!"

"ಕಲಿಸು ಅಂದಿದ್ರೆಲ್ರೀ?"

"ಕಲಿ ಅಂದಿದ್ದೆ. ಸು ಎಲ್ಲಿಂದ ತಂದಿ?"

ನೌಕರಿ ಹೋಯಿತು, ನಾಗಣ್ಣನ ಮಗಳೂ ಹೋದಳು. ದೇವೀಂದ್ರಪ್ಪನಿಗೆ ಅಳುವೇ ಬಂತು. ನಕಮುರಾ ಅವನ ಬೆನ್ನು ಸವರಿ, ಸಮಾಧಾನ ಮಾಡುವವನಂತೆ, ಇನ್ನೂ ಚೊಕ್ಕವಾಗಿ ಹೇಳಿದ:

"ಫೇಲ್."